ಸೆರೆಮನೆಗೆ ಕಟ್ಟಿಸಿದ ಗಂಟೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ರಾಜ್ಯದ ಸೆರೆಮನೆಗಳ ಆಡಳಿತ ಸರಿಪಡಿಸಲು ಹೊಸ ಕಾಯಿದೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೈದಿಗೆ ಕಷ್ಟವಾದರೆ ಸೆರೆಮನೆಯ ಅಧಿಕಾರಿಗೆ ಹೇಳಿಕೊಳ್ಳಲು ದಾರಿ ಇಟ್ಟಿದ್ದೇನೆ. ಅಷ್ಟು ಸಾಕಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಬ್ಬ ಮಂತ್ರಿಯಿದ್ದ. ಒಳ್ಳೆಯವನೇ. ಜ್ವರ ಬಂದ ಕೈದಿಯೊಬ್ಬ ನೀರು ನೀರೆಂದು ಕೂಗಿ ಕೂಗಿ ಸತ್ತ ಸುದ್ದಿ ಕೇಳಿ ಅವನಿಗೆ ಎರಡು ದಿನ ಅನ್ನ ಸೇರಲಿಲ್ಲ. ಕಾವಲಿನವರನ್ನು ಕರೆಸಿ ವಿಚಾರಿಸಿದರೆ, ಕೂಗು ಕೇಳಿಸಲೇ ಇಲ್ಲ ಎಂದರು. ಮಂತ್ರಿ ಕಾಯಿದೆ ಮಾಡಿದ. ಸೆರೆಮನೆಯ ಅಂಗಳದಲ್ಲಿ ಒಂದು ಗಂಟೆ ಕಟ್ಟಬೇಕು, ಅದರ ಹಗ್ಗ ಪ್ರತಿ ಕೋಣೆಗೂ ಹೋಗಬೇಕು, ಸದ್ದಾದ ಕೂಡಲೇ ಕಾವಲಿನವರು ಓಡಿ ಬರಬೇಕು.

ತಿಂಗಳಿಗೊಮ್ಮೆ ಮಂತ್ರಿಗೆ ವರದಿ ಬರುತ್ತಿತ್ತು. ಮೊದಲ ತಿಂಗಳು ಗಂಟೆಗೆ ಬಿಡುವೇ ಇರಲಿಲ್ಲ. ಎರಡನೆಯ ತಿಂಗಳು ಆಗೊಮ್ಮೆ ಈಗೊಮ್ಮೆ ಸದ್ದಾಯಿತು. ಆಮೇಲೆ ಅದೂ ಇಲ್ಲ. ಕೈದಿಗಳ ಕಷ್ಟವೆಲ್ಲ ತೀರಿತು ಎಂದು ಮಂತ್ರಿ ತನ್ನ ಬೆನ್ನು ತಾನೇ ತಟ್ಟಿಕೊಂಡ. ರಾಜಸಭೆಯವರೂ ಒಂದು ಕೈ ಸೇರಿಸಿ ತಟ್ಟಿದರು.

ವರ್ಷ ತುಂಬುವ ಮೊದಲೇ ಇನ್ನೊಬ್ಬ ಕೈದಿ ಸತ್ತ. ಅದೇ ಜ್ವರ. ಈ ಸಲ ಮಂತ್ರಿ ತಾನೇ ಹೋದ. ಸತ್ತವನ ಕೋಣೆಗೆ ನುಗ್ಗಿ ಹಗ್ಗ ಎಳೆದು ನೋಡಿದ. ಗಂಟೆ ಚೆನ್ನಾಗಿಯೇ ಹೊಡೆಯಿತು. ಸತ್ತವನ ತಮ್ಮನೂ ಅದೇ ಕೋಣೆಯ ಕೈದಿ. ಮೂರು ದಿನ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು.

"ಹಗ್ಗ ಕೈಗೆಟುಕುವಷ್ಟು ಹತ್ತಿರ ಇತ್ತಲ್ಲಯ್ಯ. ಒಂದು ಸಲ ಎಳೆಯಬಾರದಿತ್ತೇ?" ಎಂದ ಮಂತ್ರಿ. ಅವನಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಸತ್ತವನ ತಮ್ಮ, ಬಾಗಿಲಲ್ಲಿ ನಿಂತಿದ್ದ ಕಾವಲಿನವರನ್ನು ಒಮ್ಮೆ ನೋಡಿದ. ಇನ್ನು ಹೆದರಿ ಉಳಿಸಿಕೊಳ್ಳುವುದಕ್ಕೆ ಅವನಿಗೆ ಯಾರೂ ಇರಲಿಲ್ಲ.

"ಮೊದಮೊದಲು ಎಳೀತಿದ್ವಿ ಸ್ವಾಮಿ. ಸದ್ದಾದರೆ ದೊಣ್ಣೆ ಹಿಡಿದು ಬರೋರು ಇವರೇ. ನಮ್ಮಣ್ಣ ಏಟು ತಡ್ಕೊಳ್ಳೋ ಸ್ಥಿತಿಯಲ್ಲಿ ಇರಲಿಲ್ಲ."

ಹಗ್ಗವನ್ನು ಇನ್ನೂ ಕೈಯಲ್ಲಿ ಹಿಡಿದೇ ಇದ್ದೇನೆಂಬುದು ಮಂತ್ರಿಗೆ ಬಹಳ ಹೊತ್ತು ತಿಳಿಯಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು.

"ಹಾಗಾದರೆ ಆ ಗಂಟೆಯನ್ನು ಎಲ್ಲಿ ಕಟ್ಟಬೇಕಿತ್ತು, ಗುರುಗಳೇ?"

"ಮಂತ್ರಿಯ ಮನೆಯಲ್ಲಿ. ಅಲ್ಲಿ ಕಟ್ಟಿದರೆ ತನ್ನ ನಿದ್ದೆ ಕೆಡುತ್ತದೆಂದೇ ಅವನು ಅದನ್ನು ಸೆರೆಮನೆಯಲ್ಲಿ ಕಟ್ಟಿಸಿದ್ದು."