ಸಿಗಲೆಂದು ಬಚ್ಚಿಟ್ಟ ಮೊಟ್ಟೆಗಳು

"ಗುರುಗಳೇ, ನಾವು ತನ್ನನ್ನು ಕಾಣಬೇಕೆಂದು ದೇವರು ನಿಜವಾಗಿ ಬಯಸುವುದಾದರೆ, ಯಾಕೆ ಹೀಗೆ ಅಡಗಿ ಕೂತಿದ್ದಾನೆ?"

ಕೇಳಿದವನು ಇನ್ನಾಸಪ್ಪ. ಗುರುಮಠಕ್ಕೆ ಸೇರಿ ಆರು ವರ್ಷವಾಗಿತ್ತು. ದಪ್ಪ ದಪ್ಪ ಪುಸ್ತಕಗಳನ್ನು ಓದಿ ಮುಗಿಸಿದ್ದ. ಉಪವಾಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇವತ್ತು ಉತ್ತರ ಸಿಗದಿದ್ದರೆ ನಾಳೆ ಗಂಟು ಕಟ್ಟಿಕೊಂಡು ಊರಿಗೆ ಹೋಗುವುದೆಂದು ನಿಶ್ಚಯಿಸಿಯೇ ಬಂದಿದ್ದ. ಅವನ ಮುಖ ನೋಡಿದೊಡನೆ ಮುದಿ ಗುರುಗಳಿಗೆ ಅದು ತಿಳಿಯಿತು.

"ಬಚ್ಚಿಡುವುದರ ವಿಷಯ ನನಗೆ ಒಂದೇ ಒಂದು ಕತೆ ಗೊತ್ತು. ಕೂತು ಕೇಳು, ನಡುವೆ ಬಾಯಿ ಹಾಕಬೇಡ" ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಶಿಕ್ಷಕಿ ಇದ್ದಳು. ಆ ಊರಿನ ಚರ್ಚು ಚಿಕ್ಕದು. ಅಲ್ಲಿ ಫಾದರ್ ವಾಸವಿರಲಿಲ್ಲ, ಅವರಿಗೆ ಇಂಥ ಆರು ಊರು. ಈಸ್ಟರ್ ಭಾನುವಾರ ಅವರು ಪೇಟೆಯ ದೊಡ್ಡ ಚರ್ಚಿನಲ್ಲಿ ಪೂಜೆ ಮಾಡಿ, ಈ ಊರಿಗೆ ಬರುವುದು ಅದರ ಮುಂದಿನ ಭಾನುವಾರ. ಹಾಗಾಗಿ ಲೋಕಕ್ಕೆಲ್ಲ ಈಸ್ಟರ್ ಆಗಿ ವಾರ ಕಳೆದ ಮೇಲೆ ಈ ಊರಿಗೆ ಈಸ್ಟರ್. ಯೇಸು ಮೂರನೆಯ ದಿನ ಎದ್ದರೂ ನಮ್ಮೂರು ಮುಟ್ಟುವುದು ಹತ್ತನೆಯ ದಿನ ಎಂದು ಊರವರೇ ನಗೆಯಾಡುತ್ತಿದ್ದರು. ಮಕ್ಕಳ ಹಬ್ಬವೂ ಆವತ್ತೇ ನಡೆಯುತ್ತಿತ್ತು. ಪೇಟೆಯಿಂದ ಕೇಕು ಬರುತ್ತಿತ್ತು, ಬಲೂನು ಕಟ್ಟುತ್ತಿದ್ದರು, ಮೈಕು ಹಾಕುತ್ತಿದ್ದರು, ಸಭೆಯ ಹಿರಿಯ ಭಾಷಣ ಮಾಡುತ್ತಿದ್ದ. ಮಕ್ಕಳು ಆಕಳಿಸಿ ಆಕಳಿಸಿ ಸಾಕಾದ ಮೇಲೆ ಕೇಕು ಕೊಡುತ್ತಿದ್ದರು.

ಆ ವರ್ಷ ಊರ ಹೊರಗೆ ರಸ್ತೆಯ ಕೆಲಸ ನಡೆದಿತ್ತು. ಕೆಲಸದವರು ಚರ್ಚಿನ ಹಿಂದಿನ ಬಯಲಿನಲ್ಲಿ ತಾಡಪತ್ರಿಯ ಗುಡಿಸಲು ಹಾಕಿಕೊಂಡಿದ್ದರು. ಅವರ ಮಕ್ಕಳು ಹನ್ನೊಂದು ಜನ, ಮೂರರಿಂದ ಆರು ವರ್ಷದವರು, ಜಲ್ಲಿಯ ರಾಶಿಯ ಮೇಲೆ ಆಡುತ್ತಿದ್ದರು. ಶಿಕ್ಷಕಿ ಅವರನ್ನು ಕರೆತಂದು ಚರ್ಚಿನ ಜಗಲಿಯ ಮೇಲೆ ಕೂರಿಸಿದಳು. ಹಾಡು ಕಲಿಸಿದಳು. ಹಬ್ಬದ ಆಸೆಯನ್ನೂ ಹುಟ್ಟಿಸಿದಳು. ಬಣ್ಣದ ಮೊಟ್ಟೆ ಬಚ್ಚಿಟ್ಟಿರುತ್ತೇವೆ, ನೀವು ಹುಡುಕಬೇಕು, ಸಿಕ್ಕಿದ್ದು ನಿಮ್ಮದೇ ಎಂದು ಹೇಳಿದಳು. ಆವತ್ತಿನಿಂದ ನಾಲ್ಕು ವರ್ಷದ ಒಬ್ಬ ಹುಡುಗಿ ದಿನಾ ಬೆಳಿಗ್ಗೆ ಬಂದು, "ಇವತ್ತಾ?" ಎಂದು ಕೇಳತೊಡಗಿದಳು.

ಅವಳು ಕೇಳುವುದಕ್ಕೂ ಕಾರಣವಿತ್ತು. ಹಿಂದಿನ ಊರಿನಲ್ಲಿ ದೀಪಾವಳಿಗೆ ಎರಡು ದಿನ ಇರುವಾಗ ಅವರನ್ನು ಮುಂದಿನ ಕೆಲಸಕ್ಕೆ ಒಯ್ಯುವ ಲಾರಿ ಬಂದಿತ್ತು. ಅದರ ಹಿಂದಿನ ಊರಿನಲ್ಲಿ ಗಣೇಶನನ್ನು ಕೂರಿಸುವ ಮುನ್ನಾದಿನ ಬಂದಿತ್ತು. ಚಪ್ಪರ ಹಾಕುವುದನ್ನು ಆ ಮಕ್ಕಳು ಬೇಕಾದಷ್ಟು ಸಲ ಕಂಡಿದ್ದರು. ಚಪ್ಪರದ ಕೆಳಗೆ ಒಮ್ಮೆಯೂ ಕೂತಿರಲಿಲ್ಲ.

ಈಸ್ಟರಿನ ಮುನ್ನಾದಿನ, ಪವಿತ್ರ ಶನಿವಾರ ಮಧ್ಯಾಹ್ನ, ಆ ಹುಡುಗಿಯ ತಾಯಿ ಶಿಕ್ಷಕಿಯ ಮನೆ ಬಾಗಿಲಿಗೆ ಬಂದಳು. ಎರವಲು ಒಯ್ದಿದ್ದ ಕೊಡವನ್ನು ಕೆಳಗಿಟ್ಟಳು.

"ನಾಳೆ ಹನ್ನೆರಡಕ್ಕ ಲಾರಿ ಬರತೈತಂತ್ರಿ ಅಕ್ಕೋರ. ಇಲ್ಲೀ ಕೆಲಸ ಮುಗೀತು."

ಹಬ್ಬಕ್ಕೆ ಇನ್ನೂ ಎಂಟು ದಿನ ಎಂದು ಶಿಕ್ಷಕಿ ಬೆರಳು ಮಡಿಚಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಒಂದು ಗಂಟೆಯೂ ಆಗಿರಲಿಲ್ಲ. ಮಾತು ಕೊಟ್ಟವಳು ಅವಳು, ಲಾರಿಯಲ್ಲ. ಅವಳು ಕೊಡವನ್ನು ಒಳಗೆ ಕೂಡ ಇಡದೆ ಸಭೆಯ ಹಿರಿಯನ ಮನೆಗೆ ನಡೆದಳು. ಮಕ್ಕಳ ಹಬ್ಬವನ್ನು ನಾಳೆ ಬೆಳಿಗ್ಗೆಯೇ ಮಾಡೋಣ ಎಂದಳು.

ಹಿರಿಯ ಕೆಟ್ಟವನಲ್ಲ. ಆದರೆ ಯಾವುದೂ ಅಚ್ಚುಕಟ್ಟಾಗಿ ಆಗಬೇಕು ಎನ್ನುವವನು. ಅಂಥವರ ಕೈಯಲ್ಲಿ ಎಷ್ಟೋ ಒಳ್ಳೆಯ ಕೆಲಸ ಅಚ್ಚುಕಟ್ಟಾಗಿ ಆಗದೇ ಉಳಿಯುತ್ತದೆ.

"ಎಂಟು ದಿನ ತಡೀರಿ ಅಕ್ಕೋರ. ಕೇಕಿಗೆ ಹೇಳೀನಿ, ಮೈಕಿಗೆ ಹೇಳೀನಿ. ಅವಸರದಾಗ ಮಾಡಿದ್ದು ಹಬ್ಬ ಹೆಂಗ ಆದೀತು? ತಾಳಿದವನು ಬಾಳಿಯಾನು ಅಂತಾರ."

"ಹಬ್ಬ ಎಂಟು ದಿನ ತಾಳತೈತ್ರಿ. ಲಾರಿ ತಾಳೂದಿಲ್ಲ" ಎಂದು ಶಿಕ್ಷಕಿ ಹೇಳಿ ಎದ್ದು ಬಂದಳು.

ಮನೆಗೆ ಬಂದು ಒಂದು ಹಾಳೆ ತೆಗೆದುಕೊಂಡಳು. ಪ್ರತಿ ವರ್ಷ ಹಬ್ಬಕ್ಕೆ ಏನೇನು ಬೇಕಾಗುತ್ತಿತ್ತೋ ಅದನ್ನೆಲ್ಲ ಬರೆದಳು. ಕೇಕು ಎಂದು ಬರೆದು ಹೊಡೆದು ಹಾಕಿದಳು. ಮೈಕು ಹೊಡೆದು ಹಾಕಿದಳು. ಬಲೂನು ಹೋಯಿತು, ಬಹುಮಾನ ಹೋಯಿತು. ಭಾಷಣವನ್ನು ಎರಡು ಸಲ ಗೀಚಿದಳು. ಕೊನೆಗೆ ಉಳಿದದ್ದು ಮೊಟ್ಟೆ, ತಿನ್ನಲು ಏನಾದರೂ, ಮತ್ತು ಮಕ್ಕಳು. ಇಷ್ಟೇ ತಾನೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು.

ಮೊಟ್ಟೆಯೇ ಸಿಗಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಆ ಊರಿನ ಕ್ರೈಸ್ತರು ಮೊಟ್ಟೆ ಮುಟ್ಟುವುದಿಲ್ಲ. ಕೋಳಿ ಇಟ್ಟದ್ದನ್ನೆಲ್ಲ ಕಾವಿಗೆ ಕೂರಿಸಿಬಿಡುತ್ತಾರೆ. ಯಾರ ಮನೆಗೆ ಹೋದರೂ ಮೂಲೆಯ ಬುಟ್ಟಿಯಲ್ಲಿ ಒಂದು ಕೋಳಿ ಗರಿ ಕೆದರಿಕೊಂಡು ಕೂತು ಇವಳನ್ನು ಗುರುಗುಟ್ಟಿ ನೋಡುತ್ತಿತ್ತು. ಏಳು ಮನೆ ತಿರುಗಿದಳು, ಏಳು ಕೋಳಿಗಳಿಂದ ಬೈಸಿಕೊಂಡಳು. ಕೊನೆಗೆ ಮುಸಲ್ಮಾನರ ಓಣಿಗೆ ಹೋದಳು. ಅಲ್ಲಿ ಒಬ್ಬ ಅಜ್ಜಿ, ಮಕ್ಕಳಿಗೆ ಎಂಬುದೊಂದನ್ನು ಕೇಳಿಸಿಕೊಂಡು, ಮಿಕ್ಕದ್ದನ್ನು ಕೇಳದೆ, ಬುಟ್ಟಿ ತುಂಬ ಕೊಟ್ಟಳು.

ಬಣ್ಣ ತರಲು ಪೇಟೆಗೆ ಹೋಗುವ ಹೊತ್ತಿರಲಿಲ್ಲ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಂದು ಚೀಲ ಈರುಳ್ಳಿ ಸಿಪ್ಪೆ ಕೇಳಿ ತಂದಳು. ಸಿಪ್ಪೆಯ ಜೊತೆ ಬೇಯಿಸಿದ ಮೊಟ್ಟೆ ಕೆಂಪಾದವು. ಅರಿಶಿನದ ನೀರಿನಲ್ಲಿ ಬೇಯಿಸಿದವು ಹಳದಿಯಾದವು. ಒಂದು ಹನಿ ಎಣ್ಣೆ ಹಚ್ಚಿ ಒರೆಸಿದಾಗ ಹೊಳೆದವು. ಹಲಸಿನ ಎಲೆಗೆ ಕಸಬರಿಗೆಯ ಕಡ್ಡಿ ಚುಚ್ಚಿ ಹನ್ನೊಂದು ಕಿರೀಟ ಮಾಡಿದಳು. ಅವಲಕ್ಕಿಗೆ ಬೆಲ್ಲ, ಕಾಯಿತುರಿ ತೆಗೆದಿಟ್ಟಳು. ಕತ್ತಲಾಗುವ ಮೊದಲೇ ಎಲ್ಲ ಮುಗಿಯಿತು. ಇಷ್ಟು ಸುಲಭದ ಹಬ್ಬವನ್ನು ಇಷ್ಟು ವರ್ಷ ಎಷ್ಟು ಕಷ್ಟಪಟ್ಟು ಮಾಡುತ್ತಿದ್ದೆವಲ್ಲ ಎಂದು ಅವಳಿಗೆ ನಗು ಬಂತು.

ಮರುದಿನ ಬೆಳಗಾಗುತ್ತಲೇ ಸುದ್ದಿ ಕೇಳಿ ಒಬ್ಬ ಬಡಗಿ ಬಂದ. ಮೊಟ್ಟೆ ಬಚ್ಚಿಡುವ ಕೆಲಸ ನನಗೆ ಬಿಡಿ ಎಂದ. ಅವನು ಮಾಡಿದ ಪೆಟ್ಟಿಗೆಯಲ್ಲಿ ಗುಪ್ತ ಖಾನೆ ಎಲ್ಲಿದೆಯೆಂದು ಕೊಂಡವರಿಗೇ ತಿಳಿಯುವುದಿಲ್ಲ ಎಂದು ಊರಿನಲ್ಲಿ ಮಾತಿತ್ತು. ಶಿಕ್ಷಕಿಗೆ ಅವಲಕ್ಕಿ ಕಲಸುವ ಕೆಲಸ ಬಾಕಿ ಇತ್ತು. ಒಪ್ಪಿಕೊಂಡಳು. ಅವಳು ಮಾಡಿದ ತಪ್ಪು ಅದೊಂದೇ.

ಭಾನುವಾರ ಎಂಟಕ್ಕೆ ಮಕ್ಕಳು ಬಂದರು. ತಾಯಂದಿರು ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸಿದ್ದರು. ಆ ಹುಡುಗಿ ಇವತ್ತು ಏನೂ ಕೇಳಲಿಲ್ಲ. ಕಿರೀಟ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ ನಿಂತಳು. ಶಿಕ್ಷಕಿ ಚಪ್ಪಾಳೆ ತಟ್ಟಿದಳು. ಹನ್ನೊಂದು ಮಕ್ಕಳೂ ಅಂಗಳಕ್ಕೆ ನುಗ್ಗಿದರು.

ಕಾಲು ಗಂಟೆ ಕಳೆಯಿತು. ಒಂದು ಮೊಟ್ಟೆಯೂ ಸಿಗಲಿಲ್ಲ. ಬಡಗಿ ಅವುಗಳನ್ನು ಬೇವಿನ ಮರದ ಪೊಟರೆಯಲ್ಲಿ, ಮಾಡಿನ ಹೆಂಚಿನ ಸಂದಿಯಲ್ಲಿ, ಗಂಟೆ ಕಟ್ಟಿದ ತೊಲೆಯ ಹಿಂದೆ ಇಟ್ಟಿದ್ದ. ಕೈಕಟ್ಟಿ ನಿಂತು, ಹುಡುಕ್ರಿ ಹುಡುಕ್ರಿ ಎಂದು ಮೀಸೆಯಡಿಯಲ್ಲೇ ನಗುತ್ತಿದ್ದ. ಅರ್ಧ ಗಂಟೆಯಾಯಿತು. ಒಂದು ಮಗು ಮಡಕೆಯ ಚೂರನ್ನು ಎತ್ತಿ ತಂದು, ಇದೇನಾ ಎಂದು ಕೇಳಿತು. ನೋಡುತ್ತ ನಿಂತ ದೊಡ್ಡವರು ನಕ್ಕರು. ಮಗು ಚೂರನ್ನು ಬೆನ್ನ ಹಿಂದೆ ಮುಚ್ಚಿಕೊಂಡಿತು.

ಆಗ ಆ ಹುಡುಗಿ ಶಿಕ್ಷಕಿಯ ಬಳಿ ಬಂದಳು. ತಲೆಯ ಮೇಲಿನ ಕಿರೀಟ ತೆಗೆದು ಅವಳ ಕೈಯಲ್ಲಿಟ್ಟಳು.

"ಬ್ಯಾರೇದವರಿಗೆ ಇಟ್ಟಾರ್ರಿ. ನಮಗಲ್ಲ" ಎಂದಳು.

ಅವಳು ಅಳಲಿಲ್ಲ. ಗೊತ್ತಿದ್ದ ಸಂಗತಿಯನ್ನು ತಿಳಿಸುವವಳಂತೆ ಹೇಳಿದಳು. ಕೇಳಿಸಿಕೊಂಡ ಇನ್ನೂ ನಾಲ್ಕು ಮಕ್ಕಳು ಹುಡುಕುವುದನ್ನು ಬಿಟ್ಟು ನೆಲದ ಮೇಲೆ ಕೂತುಬಿಟ್ಟರು. ಹಬ್ಬ ಬಾರದೇ ಹೋಗಿದ್ದರೆ ಮಕ್ಕಳು ಲಾರಿಯನ್ನು ದೂರುತ್ತಿದ್ದರು. ಹಬ್ಬ ಬಂದೂ ಕೈಗೆ ಸಿಗದಿದ್ದರೆ ತಮ್ಮನ್ನೇ ದೂರಿಕೊಳ್ಳುತ್ತಾರೆ, ಮತ್ತು ಅದನ್ನು ಲಾರಿಯಲ್ಲಿ ಹೇರಿಕೊಂಡು ಊರೂರಿಗೂ ಒಯ್ಯುತ್ತಾರೆ.

ಶಿಕ್ಷಕಿ ಆಟ ನಿಲ್ಲಿಸಿದಳು. ಮಕ್ಕಳನ್ನೆಲ್ಲ ಹಿಂದಿನ ಜಗಲಿಗೆ ಕಳಿಸಿ ಅವಲಕ್ಕಿ ಹಾಕಿಸಿದಳು. ಇಟ್ಟ ಮೊಟ್ಟೆ ಅಷ್ಟೂ ಇಳಿಸಿ ತಾ ಎಂದು ಬಡಗಿಗೆ ಹೇಳಿದಳು. ಬಡಗಿಗೆ ಅವಮಾನವಾಯಿತು.

"ಸುಮ್ಮನ ಸಿಕ್ಕರ ಅದು ಬಚ್ಚಿಟ್ಟಂಗ ಹೆಂಗ ಆತ್ರಿ ಅಕ್ಕೋರ?"

"ಸಿಗಲಿ ಅಂತನ ಬಚ್ಚಿಡೂದಪ್ಪ. ಸಿಗಬಾರದು ಅಂತಿದ್ರ ನಿನ್ನ ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕಿದ್ರ ಆಗಿತ್ತು."

ಬುಟ್ಟಿ ಕೈಗೆ ಬಂದಾಗ ಒಂಬತ್ತೂವರೆ. ಶಿಕ್ಷಕಿ ಅಂಗಳದ ನಡುವೆ ನಿಂತು ಸುತ್ತಲೂ ನೋಡಿದಳು. ಎಲ್ಲಿಡಬೇಕೆಂದು ಅವಳಿಗೂ ಹೊಳೆಯಲಿಲ್ಲ. ಅವಳ ಕಣ್ಣಿಗೂ ಕಂಡದ್ದು ಅದೇ ಮರ, ಅದೇ ಮಾಡು, ಅದೇ ತೊಲೆ. ಒಂದು ಗಳಿಗೆ ಯೋಚಿಸಿದಳು. ಆಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಹಬ್ಬದ ಸೀರೆಯಲ್ಲೇ, ಇಡೀ ಊರಿನ ಮುಂದೆ, ಮಣ್ಣಿನಲ್ಲಿ ಮಂಡಿಯೂರಿದಳು. ಎರಡು ಕೈಯನ್ನೂ ನೆಲಕ್ಕೆ ಊರಿ ಮಗುವಿನಂತೆ ಅಂಬೆಗಾಲಿಡುತ್ತ ಅಂಗಳವೆಲ್ಲ ತಿರುಗಿದಳು. ಹೆಂಗಸರು ಬಾಯಿಗೆ ಸೆರಗು ಮುಚ್ಚಿಕೊಂಡರು. ಸಭೆಯ ಹಿರಿಯ ಮುಖ ತಿರುಗಿಸಿಕೊಂಡ.

ಕೆಳಗೆ ಬೇರೆಯೇ ಅಂಗಳವಿತ್ತು. ಕಲ್ಲು ಬೆಂಚಿನ ಅಡಿ ಒಂದು ಕೋಣೆಯಷ್ಟು ಜಾಗ. ಮೆಟ್ಟಿಲಿನ ಕೆಳಗೆ ಒಂದು ಗೂಡು. ಬೇವಿನ ಬೇರು ನೆಲದಿಂದ ಎದ್ದು ಮತ್ತೆ ಮುಳುಗುವಲ್ಲಿ ಒಂದು ಬಾಗಿಲು. ಇಪ್ಪತ್ತು ವರ್ಷ ದಿನಾ ಈ ಅಂಗಳ ಗುಡಿಸಿದವಳಿಗೆ ಇವು ಗೊತ್ತಿರಲಿಲ್ಲ. ಒಂದೊಂದು ಮೊಟ್ಟೆಯನ್ನೂ ಇಟ್ಟು, ಹಿಂದೆ ಸರಿದು, ಗಲ್ಲವನ್ನು ನೆಲಕ್ಕೆ ತಾಗಿಸಿ ನೋಡಿದಳು. ಅಲ್ಲಿಂದ ಕಂಡರೆ ಬಿಟ್ಟಳು, ಕಾಣದಿದ್ದರೆ ಸರಿಸಿದಳು. ಮಂಡಿ ತರಚಿತು. ಅವಳು ಏಳಲಿಲ್ಲ. ಬುಟ್ಟಿ ಖಾಲಿಯಾದ ಮೇಲೆಯೇ ಎದ್ದು ಮಕ್ಕಳನ್ನು ಕರೆದಳು.

ಬರಲು ಮನಸ್ಸಿಲ್ಲದವರಂತೆ ಬಂದರು. ಹುಡುಗಿಯ ತಲೆಯ ಮೇಲೆ ಶಿಕ್ಷಕಿ ಮತ್ತೆ ಕಿರೀಟ ಇಟ್ಟಳು. ಹುಡುಗಿ ನಾಲ್ಕು ಹೆಜ್ಜೆ ಇಟ್ಟು ಕಲ್ಲು ಬೆಂಚಿನ ಮುಂದೆ ನಿಂತುಬಿಟ್ಟಳು. ಒಳಗೆ ಕೆಂಪು ಮೊಟ್ಟೆ ಇತ್ತು. ಅವಳು ಕೈ ಹಾಕಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ನೋಡಿದಳು. ಆಮೇಲೆ ಹಿಂತಿರುಗಿ ಶಿಕ್ಷಕಿಯನ್ನು ನೋಡಿದಳು.

"ನಿನಗಂತನ ಇಟ್ಟದ್ದು, ತಗೋ" ಎಂದಳು ಶಿಕ್ಷಕಿ.

ಆಮೇಲೆ ಅಂಗಳ ಮಕ್ಕಳದಾಯಿತು. ಒಬ್ಬನಿಗೆ ಮೆಟ್ಟಿಲಡಿ ಸಿಕ್ಕಿತು, ಇನ್ನೊಬ್ಬಳಿಗೆ ಬೇರಿನ ಬಳಿ. ಎರಡು ಸಿಕ್ಕವನು ಒಂದನ್ನು ಮತ್ತೆ ಅಲ್ಲೇ ಇಟ್ಟು, ತಾನೇ ಇನ್ನೊಮ್ಮೆ ಕಂಡುಹಿಡಿದ. ಹಿರಿಯ ಅಂಗಳದ ಉದ್ದಕ್ಕೂ ಎರಡು ಸಲ ನಡೆದು ಬಂದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ಎಲ್ಲಿ ಇಟ್ಟೀರಿ ಅಕ್ಕೋರ? ನನಗ ಒಂದೂ ಕಾಣವಲ್ದು" ಎಂದ.

ಉತ್ತರ ಕೊಟ್ಟವಳು ಹುಡುಗಿ. ಅವನ ಧೋತರದ ಚುಂಗು ಹಿಡಿದು ಎಳೆದಳು.

"ಅಜ್ಜಾ, ಕೆಳಗ ಕುಂದರು."

ಹಿರಿಯ ಅತ್ತಿತ್ತ ನೋಡಿದ. ಮಂಡಿನೋವಿನವನು, ಗೋಡೆ ಹಿಡಿದು ನಿಧಾನವಾಗಿ ಕೂತ. ಅವನು ಅಷ್ಟು ಹೊತ್ತು ಒರಗಿ ನಿಂತಿದ್ದ ಕಟ್ಟೆಯ ಸಂದಿಯಲ್ಲಿ, ಅವನ ಕಣ್ಣೆದುರಿಗೇ, ಒಂದು ಹಳದಿ ಮೊಟ್ಟೆ ಇತ್ತು. ಅವನು ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದ. ಆ ವರ್ಷ ಅವನು ಭಾಷಣ ಮಾಡಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಲಾರಿ ಬಂತು. ಪಾತ್ರೆ, ತಾಡಪತ್ರಿ, ಗುದ್ದಲಿಗಳ ನಡುವೆ ಹನ್ನೊಂದು ಕಿರೀಟಗಳೂ ಹೋದವು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಇನ್ನಾಸಪ್ಪನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಗುರುಗಳೇ, ಕತೆ ಚೆನ್ನಾಗಿದೆ. ಆದರೆ ನಾನು ಆರು ವರ್ಷದಿಂದ ಬಿಡದೆ ಹುಡುಕುತ್ತಿದ್ದೇನೆ" ಎಂದ.

"ಹುಡುಕುತ್ತಿದ್ದೀಯಪ್ಪ, ನಾನೂ ನೋಡುತ್ತಲೇ ಇದ್ದೇನೆ," ಎಂದರು ಗುರುಗಳು, "ನಿಂತುಕೊಂಡು."