ಬೆರಳುದ್ದದ ತುದಿ

ಕುಲಾವಿ ಅರ್ಧ ಆಗುವಷ್ಟರಲ್ಲಿ ನೀಲಿ ಉಣ್ಣೆ ಮುಗಿಯುತ್ತಾ ಬಂತು. ಕ್ರೋಶಾ ಕಡ್ಡಿ ಬಿಳಿ ಉಣ್ಣೆಯನ್ನು ಕರೆತಂದು ನೀಲಿಯ ತುದಿಗೆ ಗಂಟು ಹಾಕಿತು.

"ಇಬ್ಬರೂ ಬೆರಳುದ್ದ ತುದಿ ಬಿಟ್ಟಿರಿ. ಒಬ್ಬರದನ್ನು ಇನ್ನೊಬ್ಬರ ಸಾಲಿನೊಳಗೆ ಸೇರಿಸುತ್ತೇನೆ," ಎಂದಿತು ಕಡ್ಡಿ.

ಈಗಷ್ಟೇ ಬಂದದ್ದು ತನ್ನ ಸಾಲಿನಲ್ಲಿ ಇಣುಕುವುದೆಂದರೆ ನೀಲಿಗೆ ಮೈ ಉರಿಯಿತು.

"ಗಂಟು ಹಾಕಿದ್ದಾಯಿತಲ್ಲ, ಅಷ್ಟು ಸಾಕು."

"ನನಗೂ ನಿನ್ನ ಹಂಗು ಬೇಡ," ಎಂದಿತು ಬಿಳಿ.

ಎರಡೂ ಸೇರಿ ಕತ್ತರಿಯನ್ನು ಕರೆದವು. ಅವು ಒಮ್ಮತದಿಂದ ಮಾಡಿದ್ದು ಅದೊಂದೇ ಕೆಲಸ. ಕತ್ತರಿ ಗಂಟಿನ ಬುಡಕ್ಕೇ ಎರಡು ತುದಿಗಳನ್ನೂ ಕತ್ತರಿಸಿತು.

ಕುಲಾವಿ ಹೆಣೆದು ಮುಗಿಯಿತು. ಮೊದಲ ಸಲ ಒಗೆದಾಗಲೇ ಗಂಟು ಜಾರಿತು. ಕುಲಾವಿಯ ನಡುವೆ ತೂತು ಬಾಯಿಬಿಟ್ಟಿತು.

"ನನ್ನನ್ನು ಹಿಡಿದುಕೋ," ಎಂದಿತು ನೀಲಿ.

"ಎಲ್ಲಿ ಹಿಡಿಯಲಿ?" ಎಂದಿತು ಬಿಳಿ.

ಕಡ್ಡಿ ಬಂದು ನೋಡಿತು. "ಬೆರಳುದ್ದ ಕೊಡಿ, ಈಗಲೂ ಸೇರಿಸುತ್ತೇನೆ."

ನೀಲಿ ತನ್ನ ಮೋಟು ತುದಿಯನ್ನು ಚಾಚಿತು. ಆ ಕಡೆಯಿಂದ ಬಿಳಿಯೂ ಚಾಚಿತು. ನಡುವೆ ಸರಿಯಾಗಿ ಬೆರಳುದ್ದ ಜಾಗ ಖಾಲಿ ಉಳಿಯಿತು.

ಕಡ್ಡಿ ಬಿಳಿಯನ್ನು ಪೂರ್ತಿ ಬಿಚ್ಚಿ ಹಾಕಿತು. ಆಮೇಲೆ, ಯಾರೂ ಇಣುಕಬಾರದೆಂದು ನೀಲಿ ಕಾಪಾಡಿಕೊಂಡಿದ್ದ ಸಾಲನ್ನೂ ಆ ಬೆರಳುದ್ದಕ್ಕಾಗಿ ಬಿಚ್ಚತೊಡಗಿತು.