ಹೆಗಲೇರಿ ಕೂತ ಒತ್ತು

ಲ್ಯಾಟಿನ್‌ನಿಂದ ನಾರ್ವೆಯ ಭಾಷೆಗೆ ವಲಸೆ ಬಂದ ‘ಡೊಕ್ಟೊರ್’ ಪದದೊಳಗೆ ಡೊಕ್, ಟೊರ್ ಎಂಬ ಎರಡು ತುಂಡುಗಳಿದ್ದವು. ಉಚ್ಚಾರದ ಒತ್ತು ಡೊಕ್‌ನ ಹೆಗಲೇರಿ ಕೂತಿತ್ತು. ‘ದನಿ ನನ್ನದು, ನೀನು ಬರೀ ಬಾಲ’ ಎಂದು ಡೊಕ್ ದಿನವೂ ಟೊರ್‌ಗೆ ಹೇಳುತ್ತಿತ್ತು.

ಒಂದು ಸಂಜೆ, ನಮ್ಮ ‘ಗಳು’ವಿನ ಹಾಗೆ ಬಹುವಚನ ಮಾಡುವ ‘ಎರ್’ ಬಂದು ಜಾಗ ಕೇಳಿತು. ‘ಕೊನೆಯಲ್ಲಿ ಬಿದ್ದಿರು’ ಎಂದಿತು ಡೊಕ್. ಎರ್ ಕೂತದ್ದೇ ತಡ, ಟೊರ್‌ನ ರಕಾರ ಸದ್ದಿಲ್ಲದೆ ಕಳಚಿ ಎರ್‌ನ ಪಕ್ಕಕ್ಕೆ ಸರಿಯಿತು; ಪದ ‘ಡೊಕ್ಟೋರೆರ್’ ಆಯಿತು. ಉಳಿದದ್ದು ಟೋ. ಡೊಕ್‌ನ ಹೆಗಲು ತಣ್ಣಗಾಯಿತು. ಒತ್ತು ಈಗ ಟೋವಿನ ಹೆಗಲ ಮೇಲಿತ್ತು.

‘ನನ್ನ ದನಿ ಎಲ್ಲಿ?’ ಎಂದು ಡೊಕ್ ಪಿಸುಗುಟ್ಟಿತು.

‘ನಿನಗೆ ದನಿ ಯಾವಾಗ ಇತ್ತು?’ ಎಂದಿತು ಒತ್ತು.

ಟೋ ಆಗಲೇ ಎರ್ ಕಡೆ ತಿರುಗಿತ್ತು. ‘ದನಿ ನನ್ನದು, ನೀನು ಬರೀ ಬಾಲ’ ಎಂದಿತು, ಥೇಟ್ ಡೊಕ್‌ನ ದನಿಯಲ್ಲಿ.